ಅದೇ ಬಂದರು, ಹತ್ತನೇ ಸಲ: ಇಳಿಯಬೇಕಾ, ಬೇಡವಾ?

'ಕೋಶ ಓದು, ದೇಶ ಸುತ್ತು' ಅಂತ ಹಿರಿಯರು ಹೇಳಿದ್ದಾರೆ. ಓದಿದ ಪುಸ್ತಕವನ್ನೇ ಮತ್ತೆ ಓದಿದರೆ ಯಾರೂ ನಗುವುದಿಲ್ಲ. ಆದರೆ ಸುತ್ತಿದ ಊರನ್ನೇ ಮತ್ತೆ ಸುತ್ತಿದರೆ 'ದುಡ್ಡು ದಂಡ' ಅನ್ನುತ್ತಾರೆ. ಕೆರಿಬಿಯನ್ ಸಮುದ್ರದಲ್ಲಿ ಓಡಾಡುವ ಕ್ರೂಸ್ ಹಡಗುಗಳಲ್ಲಿ ಈ ಮಾತು ದಿನಾ ಕಿವಿಗೆ ಬೀಳುತ್ತದೆ. 'ಇವತ್ತು ನಸ್ಸಾವಾ? ಐದು ಸಲ ನೋಡಿ ಆಗಿದೆ. ನಾವು ಇಳಿಯೋದಿಲ್ಲ, ಇನ್ನೊಂದು ಕಾಫಿ ಕೊಡಿ' ಎನ್ನುವ ಪ್ರಯಾಣಿಕರು ಪ್ರತಿ ಟ್ರಿಪ್‌ನಲ್ಲೂ ಸಿಗುತ್ತಾರೆ. ಹಡಗಿನ ಕೆಲಸಗಾರರ ಊಟದ ಕೋಣೆಯಲ್ಲೂ ಅದೇ ರಾಗ: 'ಅದೇ ಅಂಗಡಿ, ಅದೇ ಬೀಚು, ಎಂಥ ನೋಡ್ಲಿಕ್ಕೆ ಉಂಟು ಮಾರಾಯ?'

ನನ್ನ ಉತ್ತರ: ನೋಡಲಿಕ್ಕೆ ಉಂಟು. ಎಲ್ಲ ಬಂದರಿನಲ್ಲೂ ಅಲ್ಲ, ಎಲ್ಲ ದಿನವೂ ಅಲ್ಲ. ಆದರೆ ಮೊದಲ ಸಲಕ್ಕಿಂತ ನಾಲ್ಕನೇ ಸಲ ಇಳಿದಾಗಲೇ ಆ ಊರು ನಿಜವಾಗಿ ಸಿಗುತ್ತದೆ ಎನ್ನುವುದು ನನ್ನ ಅನುಭವ.

ನಾನು ಹೋಟೆಲ್ ಮ್ಯಾನೇಜ್‌ಮೆಂಟ್ ಮುಗಿಸಿ ಕ್ರೂಸ್ ಹಡಗಿನ ಡೈನಿಂಗ್ ವಿಭಾಗದಲ್ಲಿ ಎರಡು ಕಾಂಟ್ರ್ಯಾಕ್ಟ್ ದುಡಿದವನು. ನಮ್ಮ ದಕ್ಷಿಣ ಕನ್ನಡ, ಉಡುಪಿ ಕಡೆಯ ಎಷ್ಟೋ ಮನೆಗಳಲ್ಲಿ 'ಮಗ ಶಿಪ್ಪಿನಲ್ಲಿದ್ದಾನೆ' ಎನ್ನುವುದು ಹೊಸ ಸುದ್ದಿಯೇನಲ್ಲ. ಮೊದಲ ಕಾಂಟ್ರ್ಯಾಕ್ಟ್ ಎಂಟು ತಿಂಗಳು, ಮಯಾಮಿಯಿಂದ ಹೊರಟು ಏಳು ರಾತ್ರಿಗೆ ಮತ್ತೆ ಮಯಾಮಿ. ಒಂದು ವಾರ ಪಶ್ಚಿಮದ ದಾರಿ: ಮೆಕ್ಸಿಕೋದ ಕೊಝುಮೆಲ್, ಗ್ರ್ಯಾಂಡ್ ಕೇಮನ್, ಜಮೈಕಾದ ಫಾಲ್ಮತ್. ಮರುವಾರ ಪೂರ್ವದ ದಾರಿ: ಬಹಾಮಾಸ್‌ನ ನಸ್ಸಾವ್, ಸೇಂಟ್ ಥಾಮಸ್, ಸೇಂಟ್ ಮಾರ್ಟನ್. ಲೆಕ್ಕ ಹಾಕಿದರೆ ಒಂದೊಂದು ಬಂದರಿಗೂ ಹದಿನಾರು ಹದಿನೇಳು ಸಲ ಹೋಗಿದ್ದೇನೆ. ಎರಡನೇ ಕಾಂಟ್ರ್ಯಾಕ್ಟ್ ಪೋರ್ಟೊ ರಿಕೋದ ಸಾನ್ ಹುವಾನ್‌ನಿಂದ ದಕ್ಷಿಣದ ದ್ವೀಪಗಳಿಗೆ. ಹಾಗಾಗಿ ಈ ಪ್ರಶ್ನೆಗೆ ಉತ್ತರ ಹೇಳುವಷ್ಟು ಚಪ್ಪಲಿ ಸವೆಸಿದ್ದೇನೆ.

ಮತ್ತೆ ಮತ್ತೆ ಅದೇ ಊರು ಯಾಕೆ?

ಕೆರಿಬಿಯನ್‌ನಲ್ಲಿ ದ್ವೀಪಗಳಿಗೇನು ಬರಗಾಲವೇ? ಆದರೂ ಹಡಗುಗಳೆಲ್ಲ ಅದೇ ಹತ್ತು ಹನ್ನೆರಡು ಬಂದರುಗಳಿಗೆ ಸುತ್ತುತ್ತವೆ. ಇದಕ್ಕೆ ಸೋಮಾರಿತನ ಕಾರಣವಲ್ಲ.

ಮೊದಲನೆಯದು ಕಾನೂನು. ಅಮೆರಿಕದಲ್ಲಿ 1886ರ ಒಂದು ಪ್ರಯಾಣಿಕ ಹಡಗು ಕಾಯ್ದೆ ಇದೆ. ವಿದೇಶಿ ಧ್ವಜದ ಹಡಗು ಅಮೆರಿಕದ ಬಂದರಿನಿಂದ ಹೊರಟು ಅದೇ ಬಂದರಿಗೆ ವಾಪಸಾಗುವುದಾದರೆ ನಡುವೆ ಒಂದಾದರೂ ವಿದೇಶಿ ಬಂದರು ಮುಟ್ಟಬೇಕು. ದೊಡ್ಡ ಕ್ರೂಸ್ ಹಡಗುಗಳು ಹೆಚ್ಚಿನವು ಬಹಾಮಾಸ್ ಅಥವಾ ಪನಾಮದಂಥ ದೇಶಗಳಲ್ಲಿ ನೋಂದಣಿಯಾದವು. ಮೂರು ನಾಲ್ಕು ರಾತ್ರಿಯ ಟ್ರಿಪ್‌ಗೆ ಮಯಾಮಿಯಿಂದ ಸುಲಭವಾಗಿ ಸಿಗುವ ವಿದೇಶ ಎಂದರೆ ಬಹಾಮಾಸ್. ಹಾಗಾಗಿ ನಸ್ಸಾವ್ ಎಲ್ಲರ ಪಟ್ಟಿಯಲ್ಲೂ ಇರುತ್ತದೆ.

ಎರಡನೆಯದು ಹಡಗಿನ ಗಾತ್ರ. 2024ರ ಜನವರಿಯಲ್ಲಿ ಸಂಚಾರ ಶುರು ಮಾಡಿದ 'ಐಕಾನ್ ಆಫ್ ದಿ ಸೀಸ್' ಗರಿಷ್ಠ 7,600 ಪ್ರಯಾಣಿಕರನ್ನು ಹೊರಬಲ್ಲದು. ಕೆಲಸಗಾರರು ಬೇರೆ ಎರಡು ಸಾವಿರಕ್ಕೂ ಹೆಚ್ಚು. ನಮ್ಮ ಕಡೆಯ ಒಂದು ದೊಡ್ಡ ಗ್ರಾಮದ ಜನಸಂಖ್ಯೆ ಒಟ್ಟಿಗೇ ಇಳಿದಂತೆ. ಇಂಥ ಹಡಗಿಗೆ ಆಳವಾದ ಕಟ್ಟೆ ಬೇಕು, ನೂರಾರು ಬಸ್ಸು ಟ್ಯಾಕ್ಸಿ ಬೇಕು. ಎಲ್ಲ ದ್ವೀಪಗಳಿಗೂ ಆ ತಾಕತ್ತಿಲ್ಲ. ನಸ್ಸಾವ್ ತನ್ನ ಬಂದರನ್ನು ಸುಮಾರು 300 ಮಿಲಿಯನ್ ಡಾಲರ್ ಖರ್ಚಿನಲ್ಲಿ ಹೊಸದಾಗಿ ಕಟ್ಟಿ 2023ರಲ್ಲಿ ತೆರೆಯಿತು. ಈಗ ಒಂದೇ ದಿನ ಆರು ಹಡಗು ನಿಲ್ಲಬಹುದು.

ಬೇಡ ಅನ್ನುವವರ ಮಾತೂ ಸುಳ್ಳಲ್ಲ

ಇಳಿಯುವುದಿಲ್ಲ ಅನ್ನುವವರನ್ನು ಸೋಮಾರಿಗಳು ಎಂದು ತಳ್ಳಿಹಾಕಲಾರೆ. ಅವರ ಕಾರಣಗಳಲ್ಲಿ ತೂಕವಿದೆ.

ಹಡಗು ಬೆಳಿಗ್ಗೆ ಏಳೆಂಟಕ್ಕೆ ಬಂದು ಸಂಜೆ ನಾಲ್ಕೈದಕ್ಕೆ ಹೊರಡುತ್ತದೆ. ಇಳಿಯುವ ಸಾಲು, ಹತ್ತುವ ಸಾಲು ಕಳೆದರೆ ಕೈಗೆ ಸಿಗುವುದು ಐದಾರು ಗಂಟೆ. ಬಂದರಿನ ಗೇಟಿನೊಳಗೆ ಎಲ್ಲ ಕಡೆಯೂ ಅದೇ ವಜ್ರದಂಗಡಿ, ಅದೇ ವಾಚಿನಂಗಡಿ, ಅದೇ ಟೀ ಶರ್ಟು. ಊರಿನ ಹೆಸರು ಮಾತ್ರ ಬದಲಾಗುತ್ತದೆ. ನಾಲ್ಕು ಹಡಗು ಒಟ್ಟಿಗೆ ಬಂದ ದಿನ ಬೀಚಿನಲ್ಲಿ ಟವೆಲ್ ಹಾಸಲು ಜಾಗವಿರುವುದಿಲ್ಲ. ಅದೇ ಹೊತ್ತಿಗೆ ಹಡಗಿನ ಈಜುಕೊಳ ಖಾಲಿ ಹೊಡೆಯುತ್ತಿರುತ್ತದೆ. ವಯಸ್ಸಾದ ದಂಪತಿಗೆ 'ಇವತ್ತು ಹಡಗೇ ನಮ್ಮದು' ಎನ್ನಿಸಿದರೆ ತಪ್ಪೇನು? ಟಿಕೆಟ್ ಕೊಟ್ಟವರು ಅವರು.

ಇದಲ್ಲದೆ ಈಗ ಕಂಪನಿಗಳದ್ದೇ ಖಾಸಗಿ ದ್ವೀಪಗಳಿವೆ. ಬಹಾಮಾಸ್‌ನಲ್ಲಿ ಲಿಟಲ್ ಸ್ಟಿರಪ್ ಕೇ ಎಂಬ ಪುಟ್ಟ ದ್ವೀಪವಿದೆ. ರಾಯಲ್ ಕೆರಿಬಿಯನ್ ಕಂಪನಿ ಅದನ್ನು ಕೋಕೋ ಕೇ ಎಂದು ಕರೆದು, 2019ರಲ್ಲಿ ನೀರಿನ ಜಾರುಬಂಡೆಗಳ ಪಾರ್ಕ್ ಕಟ್ಟಿತು. ಕಾರ್ನಿವಲ್ ಕಂಪನಿ 2025ರ ಜುಲೈನಲ್ಲಿ ಗ್ರ್ಯಾಂಡ್ ಬಹಾಮಾದಲ್ಲಿ 'ಸೆಲೆಬ್ರೇಶನ್ ಕೀ' ತೆರೆಯಿತು. ಅಲ್ಲಿ ಟ್ಯಾಕ್ಸಿಯವರ ಕೂಗಾಟವಿಲ್ಲ, ಕಳ್ಳತನದ ಭಯವಿಲ್ಲ. ಹಡಗಿನ ಕಾರ್ಡನ್ನೇ ತೋರಿಸಿ ತಿನ್ನಬಹುದು. ಹೀಗಿರುವಾಗ ಐದನೇ ಸಲ ನಸ್ಸಾವ್ ಯಾಕೆ ಎಂಬ ಪ್ರಶ್ನೆ ನ್ಯಾಯವಾದದ್ದೇ.

ಎರಡನೇ ಸಲಕ್ಕೆ ಸಿಗುವುದು

ಮೊದಲ ಸಲ ಇಳಿದವರು ಪಟ್ಟಿ ಹಿಡಿದು ಓಡುತ್ತಾರೆ. ಫೋಟೋ ಆಗಬೇಕು, ಬೀಚ್ ಆಗಬೇಕು, ಫ್ರಿಜ್ಜಿಗೆ ಅಂಟಿಸುವ ಆಯಸ್ಕಾಂತ ಆಗಬೇಕು. ಎರಡನೇ ಸಲ ಆ ಭಾರ ಇರುವುದಿಲ್ಲ. ಆಗ ಕಣ್ಣು ಬೇರೆ ಕಡೆ ತಿರುಗುತ್ತದೆ.

ನಸ್ಸಾವ್‌ನಲ್ಲಿ 'ಕ್ವೀನ್ಸ್ ಸ್ಟೇರ್‌ಕೇಸ್' ಇದೆ. ಮೊದಲ ಸಲ ಅದು ಫೋಟೋ ತೆಗೆಯುವ ಜಾಗ, ಅಷ್ಟೆ. ಮತ್ತೊಮ್ಮೆ ಹೋದಾಗ ನಿಧಾನವಾಗಿ ಎಣಿಸಿದೆ. ಮೂಲದಲ್ಲಿ 66 ಮೆಟ್ಟಿಲು, ಈಗ ಕಾಣುವುದು 65. ಒಂದು ನೆಲಗಟ್ಟಿನಡಿ ಮುಚ್ಚಿಹೋಗಿದೆ. 1790ರ ದಶಕದಲ್ಲಿ ಗುಲಾಮರು ಸುಣ್ಣಕಲ್ಲನ್ನು ಕೈಯಿಂದ ಕಡಿದು ಮಾಡಿದ್ದು. ರಾಣಿ ವಿಕ್ಟೋರಿಯಾಳ ಹೆಸರು ಬಂದದ್ದು ಆಮೇಲೆ. ಕಡಿದವರಲ್ಲಿ ಒಬ್ಬರ ಹೆಸರೂ ಆ ಮೆಟ್ಟಿಲಿಗಿಲ್ಲ. ಅಲ್ಲಿ ಎರಡು ನಿಮಿಷ ಸುಮ್ಮನೆ ನಿಂತರೆ ಬಹಾಮಾಸ್ ಬರೀ ನೀಲಿ ನೀರಲ್ಲ ಎಂದು ಗೊತ್ತಾಗುತ್ತದೆ.

ಸೇಂಟ್ ಥಾಮಸ್‌ನಲ್ಲಿ ಅಮೆರಿಕದ ಧ್ವಜ ಹಾರುತ್ತದೆ, ಕಾರುಗಳ ಸ್ಟೇರಿಂಗ್ ಅಮೆರಿಕದಂತೆ ಎಡಕ್ಕೇ ಇರುತ್ತದೆ, ಆದರೆ ರಸ್ತೆಯಲ್ಲಿ ನಮ್ಮ ಹಾಗೆ ಎಡಬದಿಯಲ್ಲೇ ಓಡುತ್ತವೆ. ಇದೇನು ವಿಚಿತ್ರ ಎಂದು ಕೇಳುತ್ತಾ ಹೋದರೆ ಒಂದು ಇತಿಹಾಸವೇ ಬಿಚ್ಚಿಕೊಳ್ಳುತ್ತದೆ. ಅದು ಡೆನ್ಮಾರ್ಕಿನ ವಸಾಹತಾಗಿತ್ತು. 1917ರಲ್ಲಿ ಅಮೆರಿಕ 25 ಮಿಲಿಯನ್ ಡಾಲರ್ ಕೊಟ್ಟು ಕೊಂಡುಕೊಂಡಿತು. ಪ್ರಸಿದ್ಧ ಚಿತ್ರಕಾರ ಕಮೀಲ್ ಪಿಸ್ಸಾರೋ ಹುಟ್ಟಿದ್ದು ಇದೇ ಊರಲ್ಲಿ, 1830ರಲ್ಲಿ.

ನನಗೆ ಎಲ್ಲಕ್ಕಿಂತ ಖುಷಿ ಕೊಟ್ಟದ್ದು ಫಾಲ್ಮತ್. ಮೊದಲ ಮೂರು ಸಲ ಬಂದರಿನ ಗೇಟಿನ ಹೊರಗೆ ಬಿಸಿಲು, ಗಲಾಟೆ ಬಿಟ್ಟರೆ ಬೇರೇನೂ ಕಾಣಲಿಲ್ಲ. ನಾಲ್ಕನೇ ಸಲ ಮಾರುಕಟ್ಟೆ ಕಡೆ ನಡೆದೆ. ಬೆಂಕಿಯ ಮೇಲೆ ಇಡಿ ಇಡಿಯಾಗಿ ಸುಡುತ್ತಿದ್ದ ಕಾಯಿ ನೋಡಿ ನಿಂತುಬಿಟ್ಟೆ. ಅದು ನಮ್ಮ ಜೀಗುಜ್ಜೆ! ನಮ್ಮಲ್ಲಿ ಪೋಡಿ ಮಾಡುತ್ತೇವೆ, ಪಲ್ಯ ಮಾಡುತ್ತೇವೆ. ಅವರು ಸಿಪ್ಪೆ ಕರಟುವವರೆಗೆ ಸುಟ್ಟು, ಹೆರೆದು, ತುಂಡು ಮಾಡಿ ಮೀನಿನ ಜೊತೆ ತಿನ್ನುತ್ತಾರೆ. ಮಾರುತ್ತಿದ್ದ ಹೆಂಗಸಿಗೆ ಫೋನಿನಲ್ಲಿ ನಮ್ಮ ಮನೆಯ ಹಿತ್ತಲಿನ ಮರದ ಫೋಟೋ ತೋರಿಸಿದೆ. ಆಕೆ ನಂಬಲಿಲ್ಲ, ಪಕ್ಕದ ಅಂಗಡಿಯವಳನ್ನೂ ಕರೆದು ತೋರಿಸಿದಳು. ಬ್ರಿಟಿಷ್ ಕ್ಯಾಪ್ಟನ್ ವಿಲಿಯಂ ಬ್ಲೈ 1793ರಲ್ಲಿ ಪೆಸಿಫಿಕ್ ದ್ವೀಪಗಳಿಂದ ಈ ಗಿಡಗಳನ್ನು ಜಮೈಕಾಕ್ಕೆ ತಂದದ್ದು ತೋಟಗಳ ಗುಲಾಮರಿಗೆ ಅಗ್ಗದ ಊಟ ಸಿಗಲಿ ಎಂದು. ಅಲ್ಲಿಯೇ ಸಿಗುವ 'ಕರಿ ಗೋಟ್', ಅಂದರೆ ಆಡಿನ ಸಾರಿನ ಹಿಂದೆ ನಮ್ಮವರ ಕೈಯಿದೆ. 1845ರಿಂದ ಭಾರತದ ಕೂಲಿ ಕಾರ್ಮಿಕರನ್ನು ಕರಾರಿನ ಮೇಲೆ ಜಮೈಕಾ, ಟ್ರಿನಿಡಾಡ್‌ಗಳ ಕಬ್ಬಿನ ತೋಟಗಳಿಗೆ ಸಾಗಿಸಿದರು. ಹಡಗಿನಲ್ಲಿ ಕಾಂಟ್ರ್ಯಾಕ್ಟ್ ಮೇಲೆ ದುಡಿಯುವ ನನ್ನಂಥವನಿಗೆ ಆ ಮಾತು ಸುಮ್ಮನೆ ಚರಿತ್ರೆಯಾಗಿ ಉಳಿಯಲಿಲ್ಲ.

ಇನ್ನು ಕ್ರಿಕೆಟ್ ಬಿಟ್ಟು ಕೆರಿಬಿಯನ್ ಉಂಟೇ? ಆಂಟಿಗಾದ ಸೇಂಟ್ ಜಾನ್ಸ್‌ನಲ್ಲಿ ಹಡಗಿಳಿದು ಹದಿನೈದು ಇಪ್ಪತ್ತು ನಿಮಿಷ ನಡೆದರೆ ಆಂಟಿಗಾ ರಿಕ್ರಿಯೇಶನ್ ಗ್ರೌಂಡ್. 2002ರಲ್ಲಿ ನಮ್ಮ ಅನಿಲ್ ಕುಂಬ್ಳೆ ಮುರಿದ ದವಡೆಗೆ ಬ್ಯಾಂಡೇಜ್ ಸುತ್ತಿಕೊಂಡು 14 ಓವರ್ ಎಸೆದು ಲಾರಾ ವಿಕೆಟ್ ಕಿತ್ತದ್ದು ಇಲ್ಲೇ. ಪ್ರವಾಸಿ ಪುಸ್ತಿಕೆಯಲ್ಲಿ ಈ ಮೈದಾನಕ್ಕೆ ದೊಡ್ಡ ಜಾಗವೇನೂ ಇಲ್ಲ. ನನಗೆ ಮಾತ್ರ ಅದು ಆ ದ್ವೀಪದ ಮುಖ್ಯ ಸ್ಥಳ. 'ಒಮ್ಮೆ ಹೋದ ಜಾಗಕ್ಕೆ ಮತ್ತೆ ಯಾಕೆ' ಅನ್ನುವವರಿಗೆ ಇದೇ ಮೈದಾನದ ಇನ್ನೊಂದು ಲೆಕ್ಕ ಹೇಳುತ್ತೇನೆ. ಬ್ರಯಾನ್ ಲಾರಾ 1994ರಲ್ಲಿ ಇಂಗ್ಲೆಂಡ್ ವಿರುದ್ಧ ಇಲ್ಲಿ 375 ರನ್ ಹೊಡೆದು ವಿಶ್ವದಾಖಲೆ ಮಾಡಿದರು. ಹತ್ತು ವರ್ಷದ ನಂತರ ಅದೇ ಮೈದಾನ, ಅದೇ ಇಂಗ್ಲೆಂಡ್, ಔಟಾಗದೆ 400! ಎರಡನೇ ಸಲ ಬಂದವರಿಗೆ ಏನೂ ಸಿಗುವುದಿಲ್ಲ ಎಂದು ಯಾರು ಹೇಳಿದ್ದು?

ನಾವು ಇಳಿಯದಿದ್ದರೆ ಯಾರಿಗೆ ನಷ್ಟ?

ಇದುವರೆಗೆ ಹೇಳಿದ್ದು ಇಳಿಯುವವನ ಲಾಭ. ಊರಿನವರ ಲಾಭದ ಮಾತೂ ಇದೆ. ನನ್ನ ದೃಷ್ಟಿಯಲ್ಲಿ ಅದೇ ಮುಖ್ಯ.

ಕ್ರೂಸ್ ಉದ್ಯಮದವರೇ ಮಾಡಿಸಿದ ಸಮೀಕ್ಷೆಗಳ ಪ್ರಕಾರ ಒಬ್ಬ ಪ್ರಯಾಣಿಕ ಒಂದು ಕೆರಿಬಿಯನ್ ಬಂದರಿನಲ್ಲಿ ಸರಾಸರಿ ನೂರು ಡಾಲರ್ ಆಸುಪಾಸು ಖರ್ಚು ಮಾಡುತ್ತಾನೆ. ಅದರಲ್ಲಿ ಎಷ್ಟು ಊರಿನ ಕೈಗೆ ಉಳಿಯುತ್ತದೆ ಎನ್ನುವುದು ಅವನು ಎಲ್ಲಿ ಖರ್ಚು ಮಾಡಿದ ಎಂಬುದರ ಮೇಲೆ ನಿಂತಿದೆ. ಗೇಟಿನೊಳಗಿನ ವಜ್ರದಂಗಡಿಯಲ್ಲಿ ಖರ್ಚಾದ ನೂರು ಡಾಲರ್ ಬೇರೆ, ಮಾರುಕಟ್ಟೆಯ ಹೆಂಗಸಿನ ಕೈಗೆ ಹೋದ ಐದು ಡಾಲರ್ ಬೇರೆ. ಮೊದಲ ಸಲ ಬಂದವನು ಭಯದಿಂದ ಗೇಟಿನೊಳಗೇ ಖರ್ಚು ಮಾಡುತ್ತಾನೆ, ಇಲ್ಲವೇ ಹಡಗಿನಲ್ಲೇ ಟೂರ್ ಟಿಕೆಟ್ ಕೊಳ್ಳುತ್ತಾನೆ. ದಾರಿ ಗೊತ್ತಿರುವವನು, ಅಂದರೆ ಮತ್ತೆ ಬಂದವನು, ಊರೊಳಗೆ ನಡೆಯುತ್ತಾನೆ, ಗುರುತಿನ ಟ್ಯಾಕ್ಸಿಯವನನ್ನೇ ಹುಡುಕುತ್ತಾನೆ. ಹಾಗೆ ನೋಡಿದರೆ ಮರಳಿ ಬರುವ ಪ್ರಯಾಣಿಕನೇ ಊರಿಗೆ ಹೆಚ್ಚು ಬೆಲೆಬಾಳುವವನು. ಅವನೇ 'ನೋಡಿ ಆಗಿದೆ' ಎಂದು ಮೇಲೆ ಕುಳಿತರೆ ಕೆಳಗಿನವರ ಗತಿ?

ಇಳಿಯುವವರು ಕಡಿಮೆಯಾದರೆ ಕಂಪನಿಗಳಿಗೆ ಸಿಗುವ ಪಾಠವೂ ಸರಳ: ಊರು ಯಾಕೆ, ನಮ್ಮದೇ ದ್ವೀಪ ಸಾಕು. ಖಾಸಗಿ ದ್ವೀಪದಲ್ಲೂ ಸ್ಥಳೀಯರಿಗೆ ಕೆಲಸ ಸಿಗುತ್ತದೆ, ನಿಜ. ಆದರೆ ಸ್ವಂತ ಟ್ಯಾಕ್ಸಿ ಓಡಿಸುವವನು, ಸ್ವಂತ ಗಾಡಿಯಲ್ಲಿ ಮೀನು ಕರಿಯುವವಳು ಅಲ್ಲಿ ನೌಕರರಾಗಬಹುದೇ ಹೊರತು ಮಾಲೀಕರಾಗಲಾರರು. ನಮ್ಮ ಊರಿನ ಪೇಟೆಯ ಪಕ್ಕ ಮಾಲ್ ಬಂದಾಗ ಏನಾಯಿತೆಂದು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ದ್ವೀಪದವರೂ ಸುಮ್ಮನೆ ಕುಳಿತಿಲ್ಲ. ಗ್ರ್ಯಾಂಡ್ ಕೇಮನ್‌ನಲ್ಲಿ ದೊಡ್ಡ ಹಡಗು ನಿಲ್ಲುವ ಕಟ್ಟೆಯೇ ಇಲ್ಲ. ದೂರದಲ್ಲಿ ಲಂಗರು ಹಾಕಿ ಸಣ್ಣ ದೋಣಿಗಳಲ್ಲಿ ಜನರನ್ನು ದಡ ಸೇರಿಸುತ್ತಾರೆ. ಕಟ್ಟೆ ಬೇಕೇ ಎಂದು 2025ರ ಏಪ್ರಿಲ್‌ನಲ್ಲಿ ಜನಮತ ಕೇಳಿದಾಗ ಬಹುಮತ 'ಬೇಡ' ಎಂದಿತು. ಮೆಕ್ಸಿಕೋ 2025ರ ಜುಲೈನಿಂದ ಕ್ರೂಸ್ ಪ್ರಯಾಣಿಕರಿಗೆ ತಲಾ 5 ಡಾಲರ್ ತೆರಿಗೆ ಹಾಕಿದೆ, ಅದನ್ನು ಹಂತಹಂತವಾಗಿ ಏರಿಸುವ ಯೋಜನೆಯೂ ಇದೆ. ಎಷ್ಟು ಜನ ಬಂದರು ಎನ್ನುವುದಕ್ಕಿಂತ ಬಂದವರಿಂದ ಊರಿಗೆ ಏನು ಉಳಿಯಿತು ಎಂದು ಅವರು ಕೇಳುತ್ತಿದ್ದಾರೆ. ಇಳಿಯುವ ನಾವೂ ಅದೇ ಪ್ರಶ್ನೆ ಕೇಳಿಕೊಂಡರೆ 'ಐದನೇ ಸಲ ಯಾಕೆ' ಎಂಬುದಕ್ಕೆ ಅರ್ಧ ಉತ್ತರ ಸಿಕ್ಕ ಹಾಗೆ.

ಯಾವಾಗ ಇಳಿಯಬಾರದು?

ಹಟಕ್ಕೆ ಬಿದ್ದು ಪ್ರತಿ ಸಲವೂ ಇಳಿಯಿರಿ ಎಂದು ನಾನು ಹೇಳುವುದಿಲ್ಲ. ಐದಾರು ಹಡಗು ಒಟ್ಟಿಗೆ ಬಂದ ದಿನ ಹಡಗಿನಲ್ಲೇ ಇದ್ದರೆ ನಿಮಗೂ ಒಳ್ಳೆಯದು, ಊರಿಗೂ ಒಳ್ಳೆಯದು. ಗೇಟು ದಾಟುವ ಮನಸ್ಸಿಲ್ಲದೆ ಅಂಗಡಿ ಸಾಲು ಮಾತ್ರ ಸುತ್ತುವುದಾದರೆ ಇಳಿದೂ ಇಳಿಯದ ಹಾಗೆ. ಹವಾಮಾನ ಕೆಟ್ಟು ಸಮಯ ಮೊಟಕಾದ ದಿನ ದೂರದ ಟೂರಿಗೆ ಹೋಗಿ ಹಡಗು ತಪ್ಪಿಸಿಕೊಳ್ಳುವ ಸಾಹಸವೂ ಬೇಡ. ಹಡಗು ಯಾರಿಗೂ ಕಾಯುವುದಿಲ್ಲ. ಸ್ವಂತವಾಗಿ ಹೋದವರಿಗಂತೂ ಖಂಡಿತ ಕಾಯುವುದಿಲ್ಲ.

ಉಳಿದ ದಿನಗಳಿಗೆ ನನ್ನ ನಿಯಮ ಮೂರು. ಒಂದು, ಟ್ಯಾಕ್ಸಿ ಹತ್ತುವ ಮೊದಲು ಹತ್ತು ನಿಮಿಷ ನಡೆಯುವುದು. ಹತ್ತು ನಿಮಿಷದಲ್ಲಿ ಪ್ರವಾಸಿಗರ ಊರು ಮುಗಿದು ಊರಿನವರ ಊರು ಶುರುವಾಗುತ್ತದೆ. ಎರಡು, ಒಂದು ಸಲಕ್ಕೆ ಒಂದೇ ಕೆಲಸ: ಒಂದು ಮೈದಾನ, ಅಥವಾ ಒಂದು ಮಾರುಕಟ್ಟೆ, ಅಥವಾ ಒಂದು ಕೋಟೆ. ಮೂರು, ಕಳೆದ ಸಲ ತಿಂದ ಅಂಗಡಿಗೇ ಮತ್ತೆ ಹೋಗುವುದು. ಮೂರನೇ ಸಲಕ್ಕೆ ಅವರು ನಿಮ್ಮನ್ನು ಗುರುತಿಸುತ್ತಾರೆ. ಆಮೇಲೆ ನಡೆಯುವ ಮಾತುಕತೆ ಯಾವ ಟೂರ್ ಪ್ಯಾಕೇಜಿನಲ್ಲೂ ಬರುವುದಿಲ್ಲ.

ಹಡಗಿನ ಕೆಲಸಕ್ಕೆ ಹೊರಟವರಿಗೆ

ಈ ಪುಟ ಓದುವವರಲ್ಲಿ ಕ್ರೂಸ್ ಪ್ರಯಾಣಿಕರಾಗಿ ಹೋಗುವವರಿಗಿಂತ ಕ್ರೂಸ್ ಕೆಲಸಕ್ಕೆ ಅರ್ಜಿ ಹಾಕುವವರೇ ಹೆಚ್ಚು ಇದ್ದೀರಿ ಎಂದು ನನಗೆ ಗೊತ್ತು. ಏಜೆಂಟರು 'ದುಡಿಯುತ್ತಾ ದೇಶ ನೋಡಬಹುದು' ಎನ್ನುತ್ತಾರೆ. ಅದು ಅರ್ಧ ಸತ್ಯ. ದಿನಕ್ಕೆ ಹತ್ತು ಹನ್ನೊಂದು ಗಂಟೆ ಕೆಲಸ, ವಾರದ ರಜೆ ಎಂಬುದಿಲ್ಲ. ಬಂದರಿನಲ್ಲಿ ನಿಂತಾಗಲೂ ಒಂದಷ್ಟು ಜನ ಸುರಕ್ಷತೆಗಾಗಿ ಹಡಗಿನಲ್ಲೇ ಇರಬೇಕು, ಆ ಸರದಿ ನಿಮಗೂ ಬರುತ್ತದೆ. ಡ್ರಿಲ್ ಇರುವ ದಿನ ಬೆಳಿಗ್ಗೆಯೆಲ್ಲ ಅದಕ್ಕೇ ಹೋಯಿತು. ಉಳಿಯುವುದು ಮಧ್ಯಾಹ್ನದ ಎರಡು ಮೂರು ಗಂಟೆ. ಮೊದಲು ಹೆಚ್ಚಿನವರು ಇಳಿಯುತ್ತಿದ್ದದ್ದು ವೈಫೈ ಹುಡುಕಿ ಮನೆಗೆ ಫೋನ್ ಮಾಡಲು. ಈಗ ಹಡಗಿನಲ್ಲೇ ಉಪಗ್ರಹದ ಇಂಟರ್ನೆಟ್ ಬಂದು ಅದೂ ತಪ್ಪಿದೆ. ಕ್ಯಾಬಿನ್, ಕೆಲಸ, ಕ್ಯಾಬಿನ್ ಎಂದು ಕಾಂಟ್ರ್ಯಾಕ್ಟ್ ಮುಗಿಸಿ, ಇಪ್ಪತ್ತು ದೇಶದ ಸೀಲ್ ಇಟ್ಟುಕೊಂಡು ಒಂದು ಊರನ್ನೂ ನೋಡದೆ ಬಂದವರನ್ನು ನಾನು ಬಲ್ಲೆ. ದಣಿದವರಿಗೆ ನಿದ್ದೆ ಬೇಕು, ಅದನ್ನು ಆಡಿಕೊಳ್ಳಲಾರೆ. ಆದರೆ ಕಿಟಕಿಯಿಲ್ಲದ ಕ್ಯಾಬಿನ್ನಿನಲ್ಲಿ ಎಂಟು ತಿಂಗಳು ಕಳೆದರೆ ಮನಸ್ಸು ಮಂಕಾಗುತ್ತದೆ. ವಾರಕ್ಕೆರಡು ಸಲವಾದರೂ ನೆಲದ ಮೇಲೆ ಕಾಲಿಟ್ಟು ಹಡಗಿಗೆ ಸಂಬಂಧವಿಲ್ಲದ ಒಬ್ಬರ ಜೊತೆ ಮಾತಾಡುವುದು ನನಗೆ ಔಷಧಿಯಂತೆ ಕೆಲಸ ಮಾಡಿತು.

ಇದು ಯಾರೋ ಕೊಡುವ ಭಿಕ್ಷೆಯೂ ಅಲ್ಲ. 2006ರ ಕಡಲ ಕಾರ್ಮಿಕ ಒಪ್ಪಂದದಲ್ಲಿ, ಕೆಲಸದ ಅಗತ್ಯಕ್ಕೆ ಹೊಂದುವಂತೆ, ಆರೋಗ್ಯದ ದೃಷ್ಟಿಯಿಂದ ನಾವಿಕರಿಗೆ ದಡಕ್ಕಿಳಿಯಲು ಬಿಡುವು ಕೊಡಬೇಕು ಎಂದಿದೆ. ಭಾರತ 2015ರಲ್ಲಿ ಈ ಒಪ್ಪಂದವನ್ನು ಅಂಗೀಕರಿಸಿದೆ. ಅದೇ ಒಪ್ಪಂದದ ಪ್ರಕಾರ ಕೆಲಸ ಕೊಡಿಸಲು ನಿಮ್ಮಿಂದ ಕಮಿಷನ್ ಪಡೆಯುವಂತಿಲ್ಲ. ಪಾಸ್‌ಪೋರ್ಟ್, ನಾವಿಕರ ಪುಸ್ತಕವಾದ ಸಿಡಿಸಿ, ವೈದ್ಯಕೀಯ ಪ್ರಮಾಣಪತ್ರದ ಖರ್ಚು ನಿಮ್ಮದು, ವೀಸಾ ಖರ್ಚು ಹಡಗಿನವರದು. ಏಜೆಂಟರ ಬಳಿ ಹಡಗು ಮಹಾನಿರ್ದೇಶನಾಲಯದ ಆರ್‌ಪಿಎಸ್‌ಎಲ್ ಪರವಾನಗಿ ಇದೆಯೇ ಎಂದು ಮೊದಲು ನೋಡಿ, ಲಕ್ಷ ಲಕ್ಷ ಕೇಳಿದರೆ ಅಲ್ಲಿಂದ ಎದ್ದು ಬನ್ನಿ. ಸಂದರ್ಶನದಲ್ಲಿ ಹಡಗು ಯಾವ ದಾರಿಯಲ್ಲಿ ಹೋಗುತ್ತದೆ ಎಂದು ಕೇಳಲು ಮುಜುಗರ ಬೇಡ. ಆದರೆ 'ಅಯ್ಯೋ, ಎಂಟು ತಿಂಗಳೂ ಅದೇ ಆರು ಬಂದರಾ?' ಎಂದು ಬೇಸರಪಡಬೇಡಿ.

ಪ್ರತಿ ವಾರ ಹೊಸ ದೇಶಕ್ಕೆ ಹೋಗುವ ಹಡಗಿನಲ್ಲಿ ನಿಮಗೆ ಸಿಗುವುದು ನೂರು ಫೋಟೋ. ಅದೇ ಆರು ಬಂದರಿಗೆ ಹೋಗುವ ಹಡಗಿನಲ್ಲಿ ನಿಮ್ಮ ಹೆಸರು ಹಿಡಿದು ಕರೆಯುವ ಆರು ಜನ ಸಿಗಬಹುದು. ಎರಡರಲ್ಲಿ ಒಂದನ್ನು ಆರಿಸು ಎಂದರೆ ನಾನು ಎರಡನೆಯದನ್ನೇ ಆರಿಸುತ್ತೇನೆ.